ಪ್ರಸಂಗಕ್ಕೆ ಸಿಕ್ಕಿದ ಮಗಳು

ಕೊರಟಗೆರೆಯ ಉಪದೇಶಿ ಇಸಾಕಪ್ಪ ಬಾಯಿ ತೆರೆದರೆ ಸಂತೆಯೇ ನಿಂತುಹೋಗುತ್ತಿತ್ತು ಅನ್ನುತ್ತಾರೆ. ಅದು ಸ್ವಲ್ಪ ಅತಿಯಾಯಿತು. ಆದರೆ ಹೊಳವನಹಳ್ಳಿ ಸಂತೆಯಲ್ಲಿ ಮೆಣಸಿನಕಾಯಿ ತೂಗುವವರು ತಕ್ಕಡಿ ಕೆಳಗಿಟ್ಟು ಅವನ ಕಡೆ ಕಿವಿ ಕೊಟ್ಟದ್ದಂತೂ ನಿಜ. ಕ್ರಿಸ್ತಮತಕ್ಕೆ ಸೇರುವ ಆಸೆಯಿಂದಲ್ಲ. ಅಂಥವರು ಬೆರಳೆಣಿಕೆಯಷ್ಟೂ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಇಸಾಕಪ್ಪನ ಮನೆಯ ಕಥೆಗಳು.

ಮಹಾರಾಜರ ಆಳ್ವಿಕೆಯ ಆ ಕಾಲದಲ್ಲಿ ಮಿಷನ್ನಿನ ಉಪದೇಶಿ ಅಂದರೆ ಪೂರ್ತಿ ಪಾದ್ರಿಯೂ ಅಲ್ಲ, ಬರೀ ಮೇಷ್ಟ್ರೂ ಅಲ್ಲ. ವಾರವೆಲ್ಲ ಸೈಕಲ್ ತುಳಿದು ಹಳ್ಳಿ ಸುತ್ತಬೇಕು, ಸಂತೆಯಲ್ಲಿ ನಿಂತು ಮಾತಾಡಬೇಕು, ಭಾನುವಾರ ಊರಿನ ಪುಟ್ಟ ಕ್ರೈಸ್ತ ದೇವಾಲಯದಲ್ಲಿ ಆರಾಧನೆ ನಡೆಸಿ ಪ್ರಸಂಗ, ಅಂದರೆ ಧರ್ಮೋಪದೇಶ, ಹೇಳಬೇಕು. ಪಾದ್ರಿಗಳು ತುಮಕೂರಿನಿಂದ ಅಪರೂಪಕ್ಕೆ ಬಂದುಹೋಗುವರು. ಉಳಿದಂತೆ ಕೊರಟಗೆರೆಯ ಆ ಕೆಲವೇ ಮನೆಗಳ ಸಭೆಗೆ ಇಸಾಕಪ್ಪನೇ ಎಲ್ಲ.

ಅವನ ಅಪ್ಪ ದೊಡ್ಡ ಬರಗಾಲದಲ್ಲಿ ಅನಾಥನಾಗಿ, ಮಿಷನ್ನಿನ ಗಂಜಿ ಕುಡಿದು ಬೆಳೆದವನು. ದೇವರನ್ನು ನಂಬಿದ್ದ, ಹುಣಸೆ ಬರಲನ್ನು ಅದಕ್ಕಿಂತ ಒಂದು ತೂಕ ಹೆಚ್ಚೇ ನಂಬಿದ್ದ. ಇಸಾಕಪ್ಪನ ಬೆನ್ನಿನ ಮೇಲೆ ಆ ನಂಬಿಕೆಯ ಗುರುತು ಕೊನೆಯವರೆಗೂ ಇತ್ತು. ಅದಕ್ಕೇ ತನಗೆ ಮಗಳು ಹುಟ್ಟಿದಾಗ ಅವನು ಹೆಂಡತಿ ಸಾರಮ್ಮನ ಮುಂದೆ ಆಣೆಯಿಟ್ಟಿದ್ದ: ಈ ಮನೆಯಲ್ಲಿ ಮಗುವಿನ ಮೇಲೆ ಕೈ ಎತ್ತುವುದಿಲ್ಲ. ಎತ್ತಲೂ ಇಲ್ಲ, ಆ ಮಾತು ಮಾತ್ರ ಉಳಿಸಿಕೊಂಡ. ಮಕ್ಕಳನ್ನು ಕೋಲಿಲ್ಲದೆ, ಪ್ರೀತಿಯಿಂದ ಸಾಕುವುದು ಹೇಗೆ ಎಂಬುದೇ ಅವನ ಹೆಸರುವಾಸಿ ಪ್ರಸಂಗವಾಯಿತು. ಶಿವಭಕ್ತರ ಮನೆಯ ತಾಯಂದಿರು, ಶಿರಾದ ಸಾಬರು ಕೂಡ ಮಕ್ಕಳು ಹಟ ಹಿಡಿದರೆ ಅವನನ್ನು ಕರೆದು ಬುದ್ಧಿ ಕೇಳುತ್ತಿದ್ದರು.

ಒಬ್ಬಳೇ ಮಗಳು, ಸುಗುಣ. ಅಪ್ಪನ ಸೈಕಲ್ ಗಂಟೆ ಬೀದಿ ತುದಿಯಲ್ಲಿ ಕೇಳಿದರೆ ಓಡುತ್ತಿದ್ದಳು. ದಿನವೆಲ್ಲ ನಡೆದದ್ದನ್ನು ಅಪ್ಪ ಕೈಕಾಲು ತೊಳೆಯುವಷ್ಟರಲ್ಲಿ ಉಸಿರು ಕಟ್ಟಿ ಹೇಳಿ ಮುಗಿಸಬೇಕು ಅವಳಿಗೆ.

ಅವಳು ಇನ್ನೂ ಲಂಗ ಎಳೆದುಕೊಂಡು ಓಡಾಡುವ ವಯಸ್ಸಿನಲ್ಲಿ ಒಂದು ಸುಗ್ಗಿ ಹಬ್ಬ ಬಂತು. ಬೆಳೆ ಮನೆಗೆ ಬಂದ ಮೇಲೆ ಸಭೆಯ ಮನೆಯವರೆಲ್ಲ ಮೊದಲ ಫಲವನ್ನು ದೇವಾಲಯಕ್ಕೆ ತಂದು ಒಪ್ಪಿಸುವ ಹಬ್ಬ ಅದು. ರಾಗಿ, ಅವರೆಕಾಯಿ, ಕುಂಬಳಕಾಯಿ, ಹೊಸ ಬೆಲ್ಲದ ಅಚ್ಚುಗಳು ಎಲ್ಲ ಮುಂದೆ ರಾಶಿ ಬಿದ್ದಿರುತ್ತವೆ. ಆರಾಧನೆ ಮುಗಿದ ಮೇಲೆ ಹರಾಜು. ಆ ಸಂಜೆ ಸುಗುಣ ಹಿತ್ತಿಲಿನ ನುಗ್ಗೆ ಮರದ ಹಿಂದೆ ಕೂತು ಬಿಕ್ಕುತ್ತಿದ್ದಳು.

“ಅಪ್ಪಾ, ದೇವರ ಬೆಲ್ಲ ಮುರ್ಕೊಂಡು ತಿಂದ್ಬುಟ್ಟೆ,” ಅಂದಳು. “ಒಂಚೂರು. ಆದ್ರೂ ತಿಂದ್ಬುಟ್ಟೆ.”

ಇಸಾಕಪ್ಪ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡ. ಬೈಯಲಿಲ್ಲ. ಇಬ್ಬರೂ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು. ದೇವರು ಕ್ಷಮಿಸಿದ ಅಂದ, ಕಣ್ಣೊರೆಸಿದ. ಅವಳು ಅಪ್ಪನ ಕತ್ತು ತಬ್ಬಿ ಕಿವಿಯಲ್ಲಿ, “ಯಾರ್ಗೂ ಹೇಳ್ಬ್ಯಾಡ,” ಅಂದಳು. “ಇಲ್ಲ ಮಗಳೇ,” ಅಂದ. ಅಲ್ಲಿಗೆ ಈ ಕಥೆ ಮುಗಿದಿದ್ದರೆ ಇಸಾಕಪ್ಪನಂಥ ತಂದೆ ಆ ಸೀಮೆಯಲ್ಲೇ ಇರಲಿಲ್ಲ ಅನ್ನಬಹುದಿತ್ತು.

ಆದರೆ ಪ್ರಸಂಗ ಹೇಳುವವರದ್ದು ಒಂದು ಚಾಳಿ. ಎಲ್ಲಿ ಏನು ಕಂಡರೂ ಅದು ಭಾನುವಾರಕ್ಕೆ ದೃಷ್ಟಾಂತವಾಗಿ ಕಾಣುತ್ತದೆ. ಎತ್ತು ಎಡವಿದರೂ ದೃಷ್ಟಾಂತ, ಹಾಲು ಉಕ್ಕಿದರೂ ದೃಷ್ಟಾಂತ. ಶನಿವಾರ ಇಸಾಕಪ್ಪನಿಗೆ ಬೇರೇನೂ ಹೊಳೆಯಲಿಲ್ಲ. ಹೆಸರು ಹೇಳದಿದ್ದರೆ ಮಾತು ತಪ್ಪಿದಂತಲ್ಲ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡ. ಭಾನುವಾರ ಪೀಠದಲ್ಲಿ ನಿಂತು, “ನನಗೆ ಗೊತ್ತಿರುವ ಒಬ್ಬಳು ಹುಡುಗಿ,” ಎಂದು ಶುರು ಮಾಡಿದ. ನುಗ್ಗೆ ಮರವೂ ಬಂತು, ಬಿಕ್ಕಿದ್ದೂ ಬಂತು, ಕಿವಿಯಲ್ಲಿ ಹೇಳಿದ್ದೂ ಬಂತು. ಆ ಸಭೆಯಲ್ಲಿ ಆ ವಯಸ್ಸಿನ ಹುಡುಗಿ ಇದ್ದವಳು ಒಬ್ಬಳೇ. ಎಲ್ಲರ ತಲೆಯೂ ಒಟ್ಟಿಗೇ ತಿರುಗಿತು.

ಮನೆಗೆ ಬಂದ ಮೇಲೆ ಸಾರಮ್ಮ ಕೇಳಿದಳು: “ಅವ್ಳು ನಿಮ್ಗೆ ಹೇಳಿದ್ದು. ಊರಿಗೆ ಹೇಳಿದ್ಲಾ?”

“ಹೆಸರು ಎತ್ತಲಿಲ್ಲವಲ್ಲೇ. ಎಷ್ಟು ಜನ ಕಣ್ಣೊರೆಸಿಕೊಂಡ್ರು ನೋಡ್ದೇನು?”

“ಅವ್ಳ ಕಣ್ಣು ನೋಡಿದ್ರಾ ನೀವು?”

ನೋಡಿರಲಿಲ್ಲ. ಪೀಠದಲ್ಲಿ ನಿಂತವನಿಗೆ ಅಳುವವರು ಮಾತ್ರ ಕಾಣುತ್ತಾರೆ.

ಆ ಕಥೆ ಎಷ್ಟು ಚೆನ್ನಾಗಿ ನಾಟಿತೆಂದರೆ ಇಸಾಕಪ್ಪ ಅದನ್ನು ಸಂತೆಗೂ ಒಯ್ದ. ಮಧುಗಿರಿಗೆ, ಶಿರಾಕ್ಕೆ, ಪಾವಗಡದ ದಾರಿಯ ಹಳ್ಳಿಗಳಿಗೂ ಒಯ್ದ. ಹೋದಲ್ಲೆಲ್ಲ ಬೆಲ್ಲದ ಚೂರು ಬೆಳೆಯಿತು. ಮಧುಗಿರಿ ತಲುಪುವ ಹೊತ್ತಿಗೆ ಅದು ಅರ್ಧ ಅಚ್ಚಾಗಿತ್ತು. ಶಿರಾದಲ್ಲಿ ಇಡೀ ಅಚ್ಚೇ ಆಯಿತು. ಕ್ಷಮಿಸಿದ ಅಪ್ಪನೂ ಅದರ ಜೊತೆಜೊತೆಗೆ ದೊಡ್ಡವನಾಗುತ್ತ ಹೋದ. ಒಮ್ಮೆ ಮಗಳನ್ನು ಹೊಳವನಹಳ್ಳಿ ಸಂತೆಗೆ ಕರೆದುಕೊಂಡು ಹೋದಾಗ ಬೆಲ್ಲದ ವ್ಯಾಪಾರಿ ನಂದೀಶ್ವರಯ್ಯ ಒಂದು ತುಂಡು ಹಿಡಿದು ಕೂಗಿದ: “ಬಾರವ್ವಾ ಬೆಲ್ಲದ್ ಹುಡ್ಗಿ! ಇದು ದೇವ್ರುದ್ದಲ್ಲ, ನಂದು. ಎದ್ರುಕೊಬ್ಯಾಡ, ತಗಾ!” ಸುತ್ತಲಿನವರು ನಕ್ಕರು. ಇಸಾಕಪ್ಪನೂ ನಕ್ಕ. ಜನರಿಗೆ ತನ್ನ ಮಗಳ ಮೇಲೆ ಎಷ್ಟು ಅಕ್ಕರೆ ಎಂದುಕೊಂಡ. ಸುಗುಣ ಆ ಬೆಲ್ಲವನ್ನು ಮುಟ್ಟಲಿಲ್ಲ. ಆ ಸಂತೆಗೆ ಆಮೇಲೆ ಅವಳು ಕಾಲಿಡಲಿಲ್ಲ.

ಸೈಕಲ್ ಗಂಟೆ ಕೇಳಿದರೆ ಓಡಿ ಬರುವುದು ನಿಂತಿತು. ಏನಮ್ಮಾ ಅಂದರೆ ಏನಿಲ್ಲಪ್ಪ. ಶಾಲೆ ಹೇಗಿತ್ತು ಅಂದರೆ ಚೆನ್ನಾಗಿತ್ತಪ್ಪ. ದೇವಾಲಯದಲ್ಲಿ ಹೆಂಗಸರ ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದಳು. ಹುಡುಗಿ ದೊಡ್ಡವಳಾದಳು, ಗಂಭೀರಳಾದಳು ಎಂದು ಇಸಾಕಪ್ಪ ಹಿಗ್ಗಿದ. ಹೇಳಲಿಕ್ಕೆ ನಾಚಿಕೆ, ಆದರೂ ಹೇಳಬೇಕು: ಅದನ್ನೂ ಅವನು ಪ್ರಸಂಗಕ್ಕೆ ಹಾಕಿದ. “ನನ್ನ ಮಗಳಿಗೆ ಹದಿನೈದು ತುಂಬಿತು. ಈವರೆಗೆ ಒಂದು ಎದುರು ಮಾತಿಲ್ಲ. ಪ್ರೀತಿಯಿಂದ ಸಾಕಿದರೆ ಹೀಗೆ,” ಅಂದ. ಸಭೆಯ ಹಿರಿಯ ಜಯರಾಮಯ್ಯನವರು ಭೇಷ್ ಎಂಬಂತೆ ತಲೆದೂಗಿದರು. ತನ್ನ ಬೆನ್ನು ತನಗೆ ಕಾಣದು ಅನ್ನುವುದು ಸುಮ್ಮನೆಯಲ್ಲ.

ಆ ಸೀಮೆಯಲ್ಲಿ ಆಗ ನಾರುಹುಣ್ಣಿನ ಕಾಟ ಬಹಳ. ಮೆಟ್ಟಿಲು ಬಾವಿಯ ನೀರನ್ನು ಹಾಗೇ ಕುಡಿದರೆ ವರ್ಷದ ಮೇಲೆ ಕಾಲಿನಲ್ಲಿ ಬೊಬ್ಬೆಯೆದ್ದು, ಅದರಿಂದ ದಾರದಂಥ ಹುಳು ಹೊರಗೆ ಬರುತ್ತಿತ್ತು. ಅದನ್ನು ಕಡ್ಡಿಗೆ ಮೆಲ್ಲಗೆ ಸುತ್ತಿ ಎಳೆಯಬೇಕು, ನಡುವೆ ತುಂಡಾದರೆ ಕಾಲು ಕೀವಾಗುತ್ತಿತ್ತು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದು ಮಿಷನ್ನಿನ ವೈದ್ಯರು ಹೇಳಿಕಳಿಸಿದ್ದರು. ಇಸಾಕಪ್ಪ ಅದನ್ನು ಊರೂರಿಗೆ ಸಾರಿದ. ಸಾರುವಾಗ ಎಂದಿನಂತೆ ತನ್ನ ಮನೆಯನ್ನೇ ಮುಂದಿಟ್ಟ: “ನಮ್ಮ ಮನೆಯಲ್ಲಿ ಸೋಸದ ನೀರು ಒಂದು ಹನಿಯೂ ಯಾರ ಗಂಟಲಿಗೂ ಇಳಿದಿಲ್ಲ.”

ಇಳಿದಿತ್ತು. ಹಿಂದಿನ ಬೇಸಿಗೆಯಲ್ಲಿ ಸುಗುಣ ಗೆಳತಿಯರ ಜೊತೆ ಪುರಲೆ ಆರಿಸಲು ಹೋಗಿ, ಬಾಯಾರಿ, ಬಾವಿಗಿಳಿದು ಬೊಗಸೆಯಲ್ಲಿ ಕುಡಿದಿದ್ದಳು.

ಮರುವರ್ಷ ಅವಳು ಕಾಲೆಳೆಯತೊಡಗಿದಳು. ಉಳುಕಿದೆ ಅಂದಳು. ಲಂಗವನ್ನು ಪಾದ ಮುಚ್ಚುವಂತೆ ಇಳಿಬಿಟ್ಟಳು. ಒಂದು ಮಧ್ಯಾಹ್ನ ಇಸಾಕಪ್ಪ ಊಟಕ್ಕೆ ಬರುವಾಗ ಹೊಸಲಿನ ಬಳಿ ಬಿದ್ದಿದ್ದಳು. ಮೈ ಕೆಂಡದಂತೆ ಸುಡುತ್ತಿತ್ತು. ಲಂಗದ ಅಂಚು ಸರಿಸಿದ. ಹಿಮ್ಮಡಿಯಿಂದ ಮೀನಖಂಡದವರೆಗೆ ಕಾಲು ಬಾತು ನೀಲಿಯಾಗಿತ್ತು. ಸುತ್ತಿದ್ದ ಚಿಂದಿ ಬಿಚ್ಚಿದರೆ ಅರೆದ ಸೊಪ್ಪು, ಅದರಡಿ ತುಂಡಾದ ಹುಳು, ಕೀವು.

ಆಗ ಇಸಾಕಪ್ಪನ ತಲೆಗೆ ಮೊದಲು ಬಂದದ್ದು ಮಗಳ ಹೆಸರಲ್ಲ, ದೇವರ ಹೆಸರೂ ಅಲ್ಲ. “ತಂದೆಯ ಮಾತು ಮೀರಿ ಇಟ್ಟ ಕಾಲು” ಎಂಬ ಸಾಲು ಬಂತು. ಒಳ್ಳೆಯ ಸಾಲು. ಭಾನುವಾರ ಇಲ್ಲಿಂದಲೇ ಶುರು ಮಾಡಬಹುದು ಅನ್ನಿಸಿತು. ಒಂದು ಗಳಿಗೆ, ಅಷ್ಟೇ. ಆಮೇಲೆ ಅವಳನ್ನು ಎತ್ತಿಕೊಂಡು ಸಾರಮ್ಮನನ್ನು ಕೂಗಿದ. ಆದರೆ ಆ ಗಳಿಗೆಯನ್ನು ಅವನು ಬದುಕಿರುವವರೆಗೂ ಮರೆಯಲಿಲ್ಲ, ನೆನೆದಾಗಲೆಲ್ಲ ಒಬ್ಬನೇ ಇದ್ದರೂ ಮುಖ ಮುಚ್ಚಿಕೊಳ್ಳುತ್ತಿದ್ದ.

ಕೂಗು ಕೇಳಿ ಪಕ್ಕದ ಮನೆಯ ಸಿದ್ದಗಂಗಮ್ಮ ಓಡಿ ಬಂದಳು. ಹಣೆ ತುಂಬ ವಿಭೂತಿ ಹಚ್ಚುವ ಮುದುಕಿ. ಸುಗುಣ ಎಳೆಯ ಮಗುವಾಗಿದ್ದಾಗಿನಿಂದ ಎತ್ತಿ ಆಡಿಸಿದವಳು. ಸೊಪ್ಪು ಅರೆದು ಕಟ್ಟಿದವಳೂ ಅವಳೇ.

“ನಿಮಗೆ ಗೊತ್ತಿತ್ತಾ?” ಇಸಾಕಪ್ಪ ಗುಡುಗಿದ. “ಅಪ್ಪ ಅಂತ ನಾನೊಬ್ಬ ಇದೀನಲ್ಲ! ನನಗೆ ಯಾಕೆ ಹೇಳಲಿಲ್ಲ?”

“ಉಳಾ ಸುತ್ತುವಾಗ ಕಿತ್ತೋಯ್ತು ಕಣ್ರಪ್ಪಾ. ಅದು ನನ್ ಕೈತಪ್ಪು, ಒಪ್ಕಂತೀನಿ. ನಿಮ್ಮಪ್ಪುಂಗೆ ಯೋಳಾನ ಬಾ ಅಂದೆ. ಯಾರ್ಗೂ ಬ್ಯಾಡ ಅಜ್ಜಿ ಅಂತ ಕಾಲ್ ಹಿಡ್ಕಂಡ್ಲು. ಮಗಾ ಅಂಗೆ ಕೇಳ್ಕಂಡ್ ಮ್ಯಾಲೆ ನಾನು ಹೆಂಗಪ್ಪಾ ಯೋಳ್ಲಿ?”

ಮುದುಕಿ ಚುಚ್ಚಬೇಕೆಂದು ಆಡಿದ ಮಾತಲ್ಲ ಅದು. ಆದರೂ ಅದು ನಾಟಿತು, ಇಸಾಕಪ್ಪ ಗಾಡಿಗೆಂದು ಹೊರಗೆ ಓಡಿದ.

ನಾಗಲಿಂಗಯ್ಯನ ಕಮಾನು ಗಾಡಿ ಕಟ್ಟಿಸಿ ಮಧುಗಿರಿಯ ಆಸ್ಪತ್ರೆಗೆ ಒಯ್ದರು. ದಾರಿಯುದ್ದಕ್ಕೂ ಹುಡುಗಿ ತಾಯಿಯ ಕೈ ಹಿಡಿದಿದ್ದಳು. ಅಪ್ಪನ ಕಡೆ ತಿರುಗಲಿಲ್ಲ. ಡಾಕ್ಟರು ಕಾಲು ಕೊಯ್ದು ಕೀವು ತೆಗೆದರು. ಇನ್ನು ಸ್ವಲ್ಪ ತಡವಾಗಿದ್ದರೆ ಮೊಣಕಾಲಿನ ಕೆಳಗೆ ತೆಗೆಯಬೇಕಾಗಿತ್ತು, ಮನೆಯಲ್ಲಿ ದೊಡ್ಡವರು ಯಾರೂ ಇರಲಿಲ್ಲವೇ ಎಂದು ಬೈದರು. ಕಾಲು ಉಳಿಯಿತು. ಕುಂಟು ಮಾತ್ರ ಹೋಗಲಿಲ್ಲ.

ಜ್ವರ ಇಳಿದ ಮೇಲೆ, ಸಾರಮ್ಮ ಗಂಜಿ ತರಲು ಹೋಗಿದ್ದಾಗ, ಇಸಾಕಪ್ಪ ಮಂಚದ ಪಕ್ಕ ಕೂತು ಕೇಳಿದ: “ನಾನು ಒಂದು ದಿನವಾದರೂ ನಿನ್ನನ್ನು ಹೊಡೆದಿದ್ದೀನಾ, ಮಗಳೇ? ಬೈದಿದ್ದೀನಾ? ನನಗೇಕೆ ಹೇಳಲಿಲ್ಲ?”

ಸುಗುಣ ಗೋಡೆಯ ಕಡೆ ಮುಖ ಮಾಡಿದಳು. “ಭಾನುವಾರ ಬರ್ತದಲ್ಲಪ್ಪಾ,” ಅಂದಳು.

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಅಲ್ಲಿ ಕೂರಲಾಗಲಿಲ್ಲ. ಎದ್ದು ಆಸ್ಪತ್ರೆಯ ಜಗಲಿಗೆ ಬಂದ. ಕಾಲು ಕಳೆದುಕೊಂಡರೂ ಸರಿ, ಅಪ್ಪನ ಬಾಯಿಗೆ ಬೀಳಬಾರದು ಎಂದು ಅವಳು ಹಲ್ಲು ಕಚ್ಚಿದ್ದಳು. ತನ್ನ ಅಪ್ಪನ ಬರಲಿಗೆ ತಾನು ಇಷ್ಟು ಹೆದರಿದ್ದನೇ? ಇಲ್ಲ. ಬರಲು ಬೆನ್ನಿಗೆ ಬೀಳುತ್ತಿತ್ತು, ಸಂಜೆಗೆ ಮುಗಿಯುತ್ತಿತ್ತು. ತಾನು ಹೊಡೆದದ್ದು ಶಿರಾದವರೆಗೂ ಹೋಗಿ, ಇನ್ನೂ ಬೀಳುತ್ತಲೇ ಇತ್ತು. ಪ್ರಾರ್ಥನೆಗೆಂದು ಕಣ್ಣು ಮುಚ್ಚಿದರೆ ಇನ್ನೊಂದು ನಾಚಿಕೆ ಕಾದಿತ್ತು. ಇಷ್ಟು ವರ್ಷ ಅವನು ದೇವರ ಮುಂದೆ ಏನೇನೆಲ್ಲ ತೋಡಿಕೊಂಡಿರಲಿಲ್ಲ! ದೇವರು ಅದರಲ್ಲಿ ಒಂದನ್ನಾದರೂ ಯಾರ ಮುಂದಾದರೂ ಆಡಿದ್ದುಂಟೇ? ದೇವರೇ ತಂದೆ, ಆತನದು ತಂದೆಯ ಪ್ರೀತಿ ಎಂದು ಊರೂರು ಸಾರಿದವನಿಗೆ ಆ ತಂದೆಯ ಈ ಒಂದು ಗುಣ ಮಾತ್ರ ಕಂಡಿರಲಿಲ್ಲ. ಅವನು ಕಂಬ ಹಿಡಿದು ಅತ್ತ.

ಊರಿಗೆ ಮರಳಿದ ಶನಿವಾರ ಇಸಾಕಪ್ಪ ಹೆಂಡತಿಗೆ ಹೇಳಿದ: “ನಾಳೆ ಪೀಠದಲ್ಲಿ ನಿಂತು ಎಲ್ಲ ಒಪ್ಪಿಕೊಳ್ತೀನಿ. ಮಗಳ ಗುಟ್ಟು ಬೀದಿಗೆ ಹಾಕಿದೆ ಅಂತ, ಅವಳ ಕಾಲಿಗೆ ನಾನೇ ಕಾರಣ ಅಂತ, ಬಿಚ್ಚಿ ಹೇಳ್ತೀನಿ. ನನ್ನ ಮಾನ ಹೋಗಲಿ.”

ಸಾರಮ್ಮ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟಳು.

“ಅವ್ಳ ಕಾಲನ್ನೂ ಹೇಳ್ತೀರಾ?” ಅಂದಳು. “ಜನ ಅಳ್ತಾರೆ. ಎಂಥಾ ದೊಡ್ಡ ಮನುಷ್ಯ, ತಪ್ಪು ಒಪ್ಕೊಂಡ ಅಂತಾರೆ. ಅವ್ಳು ಮತ್ತೆ ಕೊನೇ ಸಾಲಲ್ಲಿ ತಲೆ ಬಗ್ಗಿಸ್ಕೊಂಡು ಕೂತಿರ್ತಾಳೆ. ನಿಮ್ಗೆ ನಾಚಿಕೆ ಆಗಿದ್ರೆ ನಾಚಿಕೆ ಪಟ್ಕೊಳ್ಳಿ. ಅದನ್ನೂ ಯಾಕ್ರೀ ಪ್ರಸಂಗ ಮಾಡ್ತೀರಾ?”

ಅವಳು ಹೇಳಿದ್ದು ನಿಜವಾಗಿತ್ತು. ಆ ಪ್ರಸಂಗದ ಮೊದಲ ಮಾತು, ನಡುವಿನ ನಿಲುಗಡೆ, ಎಲ್ಲಿ ದನಿ ನಡುಗಬೇಕು ಎಂಬುದೂ ಆಗಲೇ ಇಸಾಕಪ್ಪನ ಮನಸ್ಸಿನಲ್ಲಿ ಸಿದ್ಧವಾಗಿತ್ತು.

ಭಾನುವಾರ ಪೀಠ ಹತ್ತಿದ. ಏನಾಯಿತೆಂದು ಊರಿಗೆ ಅರ್ಧಂಬರ್ಧ ಗೊತ್ತಿತ್ತು, ಆದ್ದರಿಂದ ದೇವಾಲಯ ತುಂಬಿತ್ತು. ಇಸಾಕಪ್ಪ ಬೈಬಲಿನ ವಾಕ್ಯ ಓದಿದ, ಅದರ ಅರ್ಥವನ್ನು ಒಣದಾಗಿ ಹೇಳಿದ, ಪ್ರಾರ್ಥನೆ ಮಾಡಿದ, ಇಳಿದ. ಬಾಗಿಲಲ್ಲಿ ಜಯರಾಮಯ್ಯನವರು ತಡೆದರು.

“ಏನು ಉಪದೇಶಿಗಳೇ, ಮನೆ ಕಡೆ ವಿಷಯ ಏನೂ ಬರಲಿಲ್ಲ?”

“ಮನೆಯದು ಮನೆಯಲ್ಲಿದೆ, ಅಯ್ಯಾ,” ಅಂದ.

ಆಮೇಲಿನ ದಿನಗಳು ಸುಲಭವಾಗಿರಲಿಲ್ಲ. ಕಥೆ ನಿಂತ ಮೇಲೆ ಸಂತೆಯಲ್ಲಿ ತಕ್ಕಡಿಗಳು ಕೆಳಗಿಳಿಯಲಿಲ್ಲ. ಉಪದೇಶಪ್ಪನಿಗೆ ವಯಸ್ಸಾಯಿತು, ಸಪ್ಪೆಯಾದ ಅಂದರು. ನಂದೀಶ್ವರಯ್ಯ ಬೆಲ್ಲದ ಹುಡುಗಿಯನ್ನು ವಿಚಾರಿಸಿದಾಗ ಇಸಾಕಪ್ಪ, “ಅವಳ ಹೆಸರು ಸುಗುಣ, ಸ್ವಾಮಿ. ಆ ಕಥೆ ಬಿಟ್ಟುಬಿಡಿ,” ಎಂದು ಕೈ ಮುಗಿದ. ವ್ಯಾಪಾರಿ ಅವನನ್ನು ವಿಚಿತ್ರವಾಗಿ ನೋಡಿದ. ಒಬ್ಬರ ಬಾಯಿಗೆ ಕೈ ಮುಗಿಯಬಹುದು, ಊರಿನ ಬಾಯಿಗೆ ಎಲ್ಲಿ ಮುಗಿಯುವುದು? ಶಿರಾದಲ್ಲಿ ಮೋಟಾರು ಕಾಯುತ್ತಿದ್ದಾಗ ಅತ್ತರು ಅಂಗಡಿಯ ಅಹಮದ್ ಷರೀಫ್ ಎದ್ದು ಬಂದು ಕೈ ಕುಲುಕಿದ.

“ಉಪದೇಶಿ ಸಾಹೇಬ್ರೇ, ನಿಮ್ದು ಬೆಲ್ಲದ್ ಕಿಸ್ಸಾ ನಮ್ ಮಕ್ಳಿಗೂ ಹೇಳ್ತೀನಿ. ನಮ್ ಮಗ್ಳು ಶಹರ್ಬಾನು ಕೇಳಿ ಬಹುತ್ ಅಳ್ತಾಳೆ. ಆ ಹುಡ್ಗಿ ಎರಡು ಅಚ್ಚು ತಿಂದ್ಳಲ್ಲ?”

ತಾನು ಬಿಟ್ಟಾಗ ಒಂದಿದ್ದ ಅಚ್ಚು ತಾನಿಲ್ಲದೆಯೇ ಎರಡಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಷರೀಫನ ಪ್ರೀತಿಯ ಮುಖದ ಮುಂದೆ ಇಸಾಕಪ್ಪ ತಲೆಯೆತ್ತಲಾರದೆ ನಿಂತಿದ್ದ.

ಮನೆಯಲ್ಲಿ ಅವನು ಮಗಳನ್ನು ಏನೂ ಕೇಳುತ್ತಿರಲಿಲ್ಲ. ಬಿಸಿನೀರು ಕಾಯಿಸಿ ಅವಳ ಕಾಲಿಗೆ ಕಾವು ಕೊಡುತ್ತಿದ್ದ. ಅವಳು ಮಾತಾಡಿದರೆ ಕೇಳುವುದು, ಇಲ್ಲದಿದ್ದರೆ ಸುಮ್ಮನಿರುವುದು. ಸುಮ್ಮನಿರುವುದು ಆ ಬಾಯಿಗೆ ಎಷ್ಟು ಕಷ್ಟ ಎಂದು ಸಾರಮ್ಮನಿಗೆ ಮಾತ್ರ ಗೊತ್ತಿತ್ತು. ಎಷ್ಟೋ ಸಲ ಅವನು ಮಾತು ಉಕ್ಕಿ ಬಂದಾಗ ಎದ್ದು ಹಿತ್ತಿಲಿಗೆ ಹೋಗಿ ಸೈಕಲ್ ಒರೆಸುತ್ತಿದ್ದ. ಆ ಸೈಕಲ್ ಕೊರಟಗೆರೆಯಲ್ಲೇ ಎಲ್ಲಕ್ಕಿಂತ ಥಳಥಳಿಸುವ ಸೈಕಲ್ ಆಯಿತು.

ಒಂದು ದಿನ ಕಾವು ಕೊಡುತ್ತಿರುವಾಗ ಸುಗುಣ ತಾನಾಗಿ ಹೇಳಿದಳು: “ಸಿದ್ದಗಂಗಜ್ಜಿ ಮನೆ ಹೊಸ ಮಡಕೆ ನನ್ ಕೈಯಿಂದ ಬಿದ್ದು ಒಡೀತು. ಅಜ್ಜಿಗೆ ಬೆಕ್ಕು ಅಂದೆ.”

ಬುದ್ಧಿಮಾತು ನಾಲಗೆಯ ತುದಿಗೆ ಬಂತು. ನುಂಗಿದ. “ಹೂಂ,” ಅಂದ. ಭಾನುವಾರ ಬಂತು, ಹೋಯಿತು. ಇನ್ನೊಂದು ಭಾನುವಾರವೂ ಹೋಯಿತು. ಪೀಠದಲ್ಲಿ ಮಡಕೆಯೂ ಇಲ್ಲ, ಬೆಕ್ಕೂ ಇಲ್ಲ. ಬಹಳ ದಿನಗಳ ಮೇಲೆ ಸಿದ್ದಗಂಗಮ್ಮನ ಜಗಲಿಯಲ್ಲಿ ಆ ಮಡಕೆ ಬಿರುಕಿಲ್ಲದೆ ಕೂತಿದ್ದನ್ನು ಇಸಾಕಪ್ಪ ಕಂಡ. ಒಡೆದೇ ಇರಲಿಲ್ಲ. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿಂದ ತಟ್ಟಿ ನೋಡುವಂತೆ ಮಗಳು ಅಪ್ಪನನ್ನು ತಟ್ಟಿ ನೋಡಿದ್ದಳು. ಅವನಿಗೆ ಕೋಪ ಬರಲಿಲ್ಲ. ಹೆತ್ತ ಮಗಳು ಹೀಗೆ ತಟ್ಟಿ ನೋಡಬೇಕಾಯಿತಲ್ಲ ಎಂದು ಬೀದಿಯ ನಡುವೆಯೇ ಮುಖ ಕೆಂಪಾಯಿತು. ತಟ್ಟಿದ್ದು ತನಗೆ ತಿಳಿಯಿತೆಂದು ಅವಳಿಗೆ ಗೊತ್ತಾಗದಿರಲಿ ಎಂದು ಆ ವಿಷಯವನ್ನೂ ಎತ್ತಲಿಲ್ಲ.

ಸುಗುಣ ಶಾಲೆಯಲ್ಲಿ ಪಾಠ ಹೇಳುವ ವಯಸ್ಸಿಗೆ ಬಂದಳು. ಪಾವಗಡದ ಕಡೆಯ ಒಂದು ಮನೆಯಿಂದ ಸಂಬಂಧ ಕೇಳಿಬಂತು. ಹುಡುಗಿಗೆ ಒಪ್ಪಿಗೆಯೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಸಾರಮ್ಮ ಕೇಳಿದರೂ ಏನಿಲ್ಲಮ್ಮ ಅಂದಳು. ಇಸಾಕಪ್ಪ ಕೇಳಲೇ ಇಲ್ಲ. ಆ ವಾರದ ಒಂದು ಸಂಜೆ ಅವನು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ. ಸುಗುಣ ಕುಂಟುತ್ತ ಬಂದು ಪಕ್ಕದಲ್ಲಿ ಕೂತು ತಾನೂ ಸುಲಿಯತೊಡಗಿದಳು. ಆಮೇಲೆ ಮೆಲ್ಲಗೆ ಮಾತಿಗೆ ಶುರು ಮಾಡಿದಳು. ಒಲೆಯ ಮುಂದಿದ್ದ ಸಾರಮ್ಮನಿಗೆ ದನಿ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ನಡುವೆ ಒಮ್ಮೆ ಹುಡುಗಿ ಅತ್ತಳು. ಅಪ್ಪ ಕೆಲವೇ ಮಾತಾಡಿದ. ಕಾಳು ಮುಗಿದ ಮೇಲೂ ಇಬ್ಬರೂ ಏಳಲಿಲ್ಲ.

ಇಸಾಕಪ್ಪ ಒಳಗೆ ಬಂದಾಗ ಕಣ್ಣು ಕೆಂಪಾಗಿತ್ತು. ತನ್ನಂಥವನ ಹತ್ತಿರ ಮತ್ತೆ ಬಂದು ಬಾಯಿ ಬಿಟ್ಟಳಲ್ಲ ಎಂದು ಅವನು ಹಿಡಿಯಷ್ಟಾಗಿದ್ದ.

“ಏನಂದ್ಲು?” ಸಾರಮ್ಮ ಕೇಳಿದಳು.

“ಮಾತಾಡಿದ್ಲು,” ಅಂದ.

“ಅದೇ ಏನು ಅಂತ. ನಾನು ಹೆತ್ತೋಳು ಕಣ್ರೀ!”

“ಅವಳನ್ನೇ ಕೇಳು, ಸಾರಾ. ಹೇಳೋದಿದ್ರೆ ಅವಳೇ ಹೇಳ್ತಾಳೆ.”

ಸಾರಮ್ಮನಿಗೆ ಸಿಟ್ಟು ಬಂತು. ಆ ರಾತ್ರಿಯ ಸಾರಿಗೆ ಉಪ್ಪು ಹೆಚ್ಚಾಯಿತು. ಪಾವಗಡದವರಿಗೆ ಈಗ ಬೇಡ ಎಂದು ಇಸಾಕಪ್ಪ ತಾನೇ ಹೋಗಿ ಹೇಳಿ ಬಂದ. ಯಾಕೆಂದು ಅವರು ಎಷ್ಟು ಕೆದಕಿದರೂ, ಮೀಸೆ ತಿರುವಿದರೂ, ತಪ್ಪು ನನ್ನದು ಎಂದ ಹೊರತು ಇನ್ನೊಂದು ಮಾತಾಡಲಿಲ್ಲ. ಮಗಳು ಹೇಳಿದ್ದೇನೆಂದು ಕಥೆ ಹೇಳುವ ನಮಗೂ ಗೊತ್ತಿಲ್ಲ. ಸಾರಮ್ಮನಿಗೆ ಗೊತ್ತಾಯಿತೋ ಇಲ್ಲವೋ ಅದೂ ಗೊತ್ತಿಲ್ಲ.

ಆ ಭಾನುವಾರ ಪ್ರಸಂಗ ಎಂದಿಗಿಂತಲೂ ಸಪ್ಪೆಯಾಗಿತ್ತು. ಜಯರಾಮಯ್ಯನವರು ಮೊದಲ ವಾಕ್ಯಕ್ಕೇ ತೂಕಡಿಸಿದರು, ಹೆಂಗಸರು ಸೆರಗಿನಲ್ಲಿ ಗಾಳಿ ಹಾಕಿಕೊಂಡರು. ಸುಗುಣ ಮಾತ್ರ ಮೊದಲ ಸಾಲಿಗೆ ಬಂದು ಕೂತು, ತಲೆಯೆತ್ತಿ, ಕೊನೆಯವರೆಗೂ ಅಪ್ಪನನ್ನೇ ನೋಡುತ್ತಿದ್ದಳು.